ಕಣ್ಣಿನ ಅಳತೆ

ನಾನು ಗದಗಿನವಳು. ಕಪ್ಪು ಮಣ್ಣಿನಲ್ಲಿ ನಡೆದ ಕಾಲು.
ಇಲ್ಲಿ ಕಾರವಾರದಲ್ಲಿ ಹೆರಿಗೆ ಕೋಣೆಯ ಕಿಟಕಿ ತೆರೆದರೆ
ಬೈತಖೋಲದ ಬೋಟುಗಳ ದೀಪ, ಡೀಸೆಲ್ಲಿನ ವಾಸನೆ.
ಫೆಲೋಶಿಪ್ಪಿನ ಮೂರು ತಿಂಗಳಲ್ಲಿ ಕಲಿತ ಕೊಂಕಣಿ ಮೂರೇ ಮಾತು:
ಬಾಗ್, ಶ್ವಾಸ ಘೆ, ಹಾಲೂ ನಾಕಾ.

ಎಂ.ಡಿ. ಮುಗಿಸಿದವಳಿಗೆ ಇನ್ನೇನು ಕಲಿಯೋದೈತಿ
ಎಂದು ಊರಲ್ಲಿ ಕಾಕಾ ಕೇಳಿದ್ದ.
ಬೆನ್ನು, ಎಂದಿದ್ದೆ.
ನಕ್ಕುಬಿಟ್ಟ.

ಬೆನ್ನೇ. ಬಸುರಿಯ ಬೆನ್ನು ಬೇರೆಯೇ ಪುಸ್ತಕ;
ಬೆರಳಿಗೆ ಸಿಗಬೇಕಾದ ಎಲುಬು ಬಾವಿನಲ್ಲಿ ಮರೆಯಾಗಿರುತ್ತದೆ,
ಓದುವಾಗಲೇ ನೋವು ಬಂದು ಪುಟ ಮುಚ್ಚುತ್ತದೆ.
ಸೂಜಿ ಚರ್ಮ ದಾಟಿ, ಕೊಬ್ಬು ದಾಟಿ
ಹಳದಿ ಪಟ್ಟಿಗೆ ತಾಗಿದಾಗ
ಒಣ ಬೆಲ್ಲಕ್ಕೆ ಚಾಕು ಇಟ್ಟ ಹಾಗೆ.
ಹೆಬ್ಬೆರಳು ಸಿರಿಂಜನ್ನು ಒತ್ತುತ್ತ ಒತ್ತುತ್ತ
ಒಮ್ಮೆಗೇ ತಡೆ ಇಲ್ಲವಾಗುತ್ತದೆ.
ಅಲ್ಲಿ ನಿಲ್ಲಬೇಕು.
ಮುಂದೆ ಒಂದು ಅಕ್ಕಿಕಾಳಿನಷ್ಟು ಹೋದರೂ ಹೆಚ್ಚು.

"ಕೈಗೆ ಕಿವಿ ಬರಬೇಕು." ಪೆಡ್ನೇಕರ್ ಮೇಡಂ ಕಲಿಸಿದ್ದು ಇಷ್ಟೇ,
ಅದನ್ನೂ ಚಹಾ ಆರಿಸುತ್ತ.

ಶೇವಂತಿ ತಾಂಡೇಲ. ಇಪ್ಪತ್ತಾರು. ಚೊಚ್ಚಲು.
ಮೀನು ಮಾರುಕಟ್ಟೆಯಲ್ಲಿ ಹನ್ನೊಂದು ವರ್ಷ ಐಸಿನಲ್ಲಿ ಕೈ ಇಟ್ಟವಳು.
ಕವಾಟ ಬಿಗಿದ ಹೃದಯ; ನೋವಿಗೆ ಹೆದರಿ ಅದು ಓಡಬಾರದು.
ಅದಕ್ಕೇ ಎಪಿಡ್ಯೂರಲ್, ಅದಕ್ಕೇ ರಾತ್ರಿ ಎರಡಕ್ಕೆ ನಾನು.
ಶೆಟ್ಲಿಯ ಹಾಗೆ ಬಾಗಮ್ಮ, ಎಂದೆ.
ನೋವಿನ ನಡುವೆಯೂ ತಿದ್ದಿದಳು:
"ಬೆಂದ ಶೆಟ್ಲಿಯ ಹಾಗಾ? ಹಸಿಯದು ಅಷ್ಟು ಬಾಗೂದಿಲ್ಲ, ಬಾಯಿ."

ಬಾಗಿದಳು. ಇನಾಸ್ ಹೆಗಲು ಹಿಡಿದ.
ಬೆಲ್ಲ. ಬೆಲ್ಲ. ಇನ್ನೂ ಬೆಲ್ಲ.
ಅವಳು ಕೆಮ್ಮಿದಳೋ, ನನ್ನ ಮಣಿಕಟ್ಟು ಸೋತಿತೋ.
ಸೂಜಿಯ ಹಿಂಬದಿಯಿಂದ ನೀರು,
ಬೆಚ್ಚಗೆ, ಗ್ಲವುಸಿನ ಮೇಲೆ,
ಎಳನೀರಿಗಿಂತ ತಿಳಿ.
ಮೇಡಂ ಮುಂದೆ ಬರಲಿಲ್ಲ. ಸೂಜಿ ಕೇಳಲಿಲ್ಲ.
"ಒಂದು ಮನೆ ಮೇಲೆ," ಎಂದರು, "ಮತ್ತೆ ಹಾಕು."
ಹಾಕಿದೆ.

ನೋವು ಇಳಿಯಿತು. ಹೊಟ್ಟೆಗೆ ಐಸು ತಾಗಿಸಿ ಕೇಳಿದೆ,
ತಂಡಿ ಆಗ್ತದಾ?
"ನನಗೆ ಯಾವಾಗ ತಂಡಿ ಆಗಿದೆ?"
ಹೊಕ್ಕುಳಿನವರೆಗೆ, ಎಂದು ಬರೆದುಕೊಂಡೆ.
ಐದೂವರೆಗೆ ಹೆಣ್ಣು ಮಗು. ಎರಡು ಕಿಲೋ ಎಂಟುನೂರು.
"ನನ್ನ ತಕ್ಕಡಿಯಲ್ಲಾದರೆ ಮೂರು," ಎಂದಳು ತಾಯಿ.

ಎರಡನೆಯ ದಿನ ವಾರ್ಡಿನಲ್ಲಿ ಚಪ್ಪಟೆ ಮಲಗಿದ್ದಳು,
ಮಗುವಿಗೆ ಮಲಗಿಯೇ ಹಾಲು.
"ಎದ್ದರೆ ತಲೆ ಒಡೀತದೆ. ಹೆತ್ತವರಿಗೆಲ್ಲ ಹೀಗೇ ಅಲ್ಲವಾ?"

ಅಲ್ಲ, ಎಂದೆ.
ಅಷ್ಟು ಹೇಳಲು ಮಂಚದ ಕಂಬಿ ಹಿಡಿಯಬೇಕಾಯಿತು.
ಇದು ನನ್ನ ಕೈಯಿಂದ. ಬೆನ್ನೊಳಗಿನ ಪೊರೆಗೆ ತೂತು ಬಿದ್ದಿದೆ.

ಗಂಡ ಉಲ್ಲಾಸ, ಮೂಲೆಯ ಸ್ಟೂಲಿನಲ್ಲಿ.
ಕೂಗಾಡುತ್ತಾನೆಂದು ಕಾದೆ.
"ಕಣ್ಣು ಎಷ್ಟು ದೊಡ್ಡದು?" ಎಂದ.
ಯಾವ ಕಣ್ಣು?
"ತೂತಿನದು. ಬಂಗಡೆ ಬಲೆಯದು ಇಷ್ಟು," ಬೆರಳು ಅಗಲಿಸಿದ,
"ತಾರ್ಲಿಯದು ಇಷ್ಟು."
ಅದಕ್ಕಿಂತ ಸಣ್ಣದು, ಎಂದೆ.
"ಯಾವ ನೂಲಿಂದ ಹೆಣೀತೀರಿ?"
ಅವಳದೇ ರಕ್ತ. ತೋಳಿಂದ ತೆಗೆದು ಬೆನ್ನಿಗೆ, ಹದಿನೈದು ಎಂ.ಎಲ್.
ಬಹಳ ಹೊತ್ತು ಯೋಚಿಸಿದ.
"ಅದೇ ಸರಿ. ಹೊಸ ನೂಲು ಹಾಕಿದರೆ
ಹಳೆ ಬಲೆಯನ್ನೇ ಕೊಯ್ತದೆ."

ಸಂಜೆ ಶೇವಂತಿ ಎದ್ದು ಕೂತಳು.
ಕಾಳಿ ಸೇತುವೆಯ ದೀಪ ಹತ್ತಿದ ಮೇಲೂ ಕೂತೇ ಇದ್ದಳು,
ಮಗುವನ್ನು ಮರೆತು,
ಸುಮ್ಮನೆ ಕೂರುವುದರಲ್ಲೇ ಏನೋ ರುಚಿ ಇದೆ ಎಂಬಂತೆ.

ನನ್ನ ಲಾಗ್‌ಬುಕ್ಕಿನಲ್ಲಿ ಎಪ್ಪತ್ತೊಂದನೆಯ ಸಾಲು.
ಕಾರಣ ಎಂಬ ಕಾಲಮ್ಮಿನಲ್ಲಿ ಪೆನ್ನು
ರೋಗಿ ಕೆಮ್ಮಿದ್ದು ಎಂದು ಬರೆಯಲು ಹೊರಟಿತ್ತು.
'ರೋ' ಹೊಡೆದು ಹಾಕಿ, ನನ್ನ ಕೈ, ಎಂದು ಬರೆದೆ.
ಮೇಡಂ ಕೊನೆಗೆ ಒಂದು ಸಹಿ ಹಾಕಿದರು,
ಹೊಡೆದ ಅಕ್ಷರದ ಪಕ್ಕ ಇನ್ನೊಂದು.