ಒಂದು ಸೂತ ಹೆಚ್ಚು

ಉದ್ಯಮಬಾಗದಾಗ, ಫೌಂಡ್ರಿ ಹಿಂದಿನ ಗೇಟಿನೆದುರು
ಖತಾಲಸಾಬನ ಭಂಗಾರದ ಅಂಗಡಿ.
ಅಂವ ಅದಕ್ಕ ಬಂಗಾರ ಅಂತಾನ, ನಾನೂ ಹಂಗ ಅಂತೇನಿ.
ಎರಡರ ನಡುವ ಇರೂದು ಒಂದ ಉಸಿರು,
ನಮ್ಮ ಕಡೆ ಯಾರೂ ಅದನ್ನ ಖರ್ಚ ಮಾಡೂದಿಲ್ಲ.

ಮಂಗಳವಾರ ಬಂದಿದ್ದವು
ಪರದೇಶದ ಮಶೀನು ಹೊತ್ತುಕೊಂಡು ಬಂದ ಹಲಗಿ,
ಬಿಳೇ ಪೈನು, ಮೈಮ್ಯಾಲೆ ಸುಟ್ಟು ಒತ್ತಿದ ಮುದ್ರಿ,
ಜಗ್ಗಿದರೂ ಬರಲಾರದ ತಿರುಪು ಮೊಳಿ.
ಹಲಗಿ ಸರಿಸಿದೆ. ಬುಡಕ ಆರು ಪ್ಯಾಟರ್ನು.
ನಾನ ಮಾಡಿದವು.
ಪಂಪಿನ ಹೊಟ್ಟಿ, ವಾಲ್ವಿನ ಕುತ್ತಿಗಿ,
ಸಾಗವಾನಿ, ಕೆಂಪು ಬಣ್ಣ ಇನ್ನೂ ಬಿಟ್ಟಿಲ್ಲ.
ಈಗ ಮಶೀನ ಅಲ್ಯುಮಿನಿಯಮ್ಮಿನಾಗ ಕೆತ್ತತೈತಿ.
ಬೈಯೂ ಮಾತಲ್ಲ, ಚಲೋನೇ ಕೆತ್ತತೈತಿ.

ಕಿಲೋಕ್ಕ ಹನ್ನೆರಡು, ಅಂದ ಖತಾಲಸಾಬ.
ನನ್ನ ಕೆಲಸಾನ ನಾನು ತೂಕಕ್ಕ ಕೊಂಡೆ,
ಸೈಕಲ್ಲಿನ ಹಿಂದ ಹಳೇ ಟ್ಯೂಬಿಲೆ ಬಿಗದೆ,
ಅನಗೋಳದ ಏರಿನಾಗ ಇಳದು ನೂಕಿದೆ.
ಸುವ್ವಕ್ಕ ಬಾಗಿಲಾಗ ನಿಂತು
'ಮೂವತ್ತೆಂಟು ವರ್ಷ ಅಲ್ಲಿಗೆ ಹೊತ್ತಿ,
ಈಗ ಇಲ್ಲಿಗೆ ಹೊರಾಕ ಹತ್ತಿದಿ' ಅಂದಳು,
ಅಂದು, ಒಂದು ತುದಿ ತಾನೂ ಹಿಡದಳು.

ಮೊಳಿ ಕಿತ್ತು, ಕಲ್ಲ ಮ್ಯಾಲೆ ಬಡದು ನೆಟ್ಟಗ ಮಾಡಿ
ಕುಂದಾದ ಖಾಲಿ ಡಬ್ಬ್ಯಾಗ ಹಾಕತೇನಿ.
ರಂದಾ ಒಮ್ಮೆ ಹಾಯಿಸಿದರ ಕೆಂಪು ಹೋಗತೈತಿ,
ಎರಡನೇ ಸಲಕ್ಕ ಫೌಂಡ್ರಿ ಮಸಿ,
ಮೂರಕ್ಕ ಏಳತೈತಿ ಸಾಗವಾನಿ ವಾಸನಿ,
ಎಣ್ಣಿ ಉಂಡ ಚಕ್ಕಡಿ ಮಿಣಿಯಂಥಾದು.
ಪೈನಿಂದು ಬ್ಯಾರೆ, ದವಾಖಾನಿಯ ಫರಶಿ ಒರಸಿದಂಗ.
ಎರಡನ್ನೂ ಸರೇಸು ಹಚ್ಚಿ ಕೂಡಿಸಿ
ಹಗ್ಗದಿಂದ ಬಿಗದು
ರಾತ್ರಿಯೆಲ್ಲಾ ಹಂಗ ಬಿಡತೇನಿ. ಮುಂಜಾನೆ ಜಗಳಿಲ್ಲ.

ನನ್ನ ಹಂತ್ಯಾಕ ಇರೂದು ಒಂದ ಪಟ್ಟಿ, ಹಿತ್ತಾಳಿದು.
ಕಾದ ಕಬ್ಬಿಣ ಆರಿದರ ಕುಗ್ಗತೈತಿ,
ಅದಕ್ಕಂತ ಅಡಿಗೊಂದು ಸೂತ ಹೆಚ್ಚು ಇಟ್ಟು
ಗೆರಿ ಕೊರದ ಪಟ್ಟಿ.
ರಿಟಾಯರ ಆದ ದಿನ ಅವರು ಶಾಲು ಹೊಚ್ಚಿದರು,
ಪಟ್ಟಿ ಮಾತ್ರ ನಾನ ಕಿಸೆದಾಗ ಇಟಗೊಂಡು ಬಂದೆ.

ಹಿಂಗಾಗಿ ಮನ್ಯಾಗ ನಾ ಮಾಡಿದ್ದೆಲ್ಲಾ ಒಂದು ಸೂತ ದೊಡ್ಡದು.
ಮಸಾಲಿ ಪೆಟಗಿ, ಮುಚ್ಚಳಕ್ಕ ಪಕ್ಕಾ,
ಕಪಾಟಿನ ಖಾನ್ಯಾಗ ಹೋಗಲಿಲ್ಲ.
ಫೋಟೋದ ಚೌಕಟ್ಟಿನಾಗ ಮಾವನವರು ಅಳ್ಳಾಡಿದರು,
ಹೋದ ವರ್ಷದ ಕ್ಯಾಲೆಂಡರ ಮಡಚಿ ತುರುಕಿದಿವಿ,
ಶ್ರಾವಣ ಮಾಸ ಅವರ ಬೆನ್ನ ಹಿಂದೈತಿ.
ಸುವ್ವಕ್ಕ ಖಡೇಬಜಾರದಿಂದ ಟೇಪು ತಂದು ಕೊಟ್ಟಳು.
ಐತಿ, ಮೊಳಿ ಡಬ್ಬ್ಯಾಗ ಐತಿ.

ಒಂದು ಪಂಪಿನ ಹೊಟ್ಟಿ ಮಾತ್ರ ರಂದಾಕ್ಕ ಕೊಡಲಿಲ್ಲ.
ಮ್ಯಾಲೆ ಪೈನ ಹಾಸಿ, ನಾಕು ಕಾಲು ಕೊಟ್ಟು
ಮಣಿ ಮಾಡಿದೆ,
ಹೊಟ್ಟಿ ಕೆಳಗ ಹಂಗ ಉಳೀತು, ಕೆಂಪಗ.

ಐತವಾರ ಚಾಕ್ಕ ಬಂದ ಮೋಲ್ಡರ ಜಿನ್ನಪ್ಪ
ಅದರ ಮ್ಯಾಲೆ ಕುಂತ.
ಮಾತಾಡಕೋತ ಮಾತಾಡಕೋತ
ಅವನ ಕೈ ಮಣಿ ಬುಡಕ ಹೋತು, ಮಾತು ನಿಂತಿತು.
ಎದ್ದ. ಬೋರಲ ಹಾಕಿದ. ಹೆಬ್ಬಟ್ಟು ಎಳದ
ಆ ಡೊಂಕಿನ ಗುಂಟ.
'ಇದು ಆ ದೊಡ್ಡ ಪಂಪಿಂದಲೋ? ಎಡಗಡೆದು?'
ಎಡಗಡೆದು, ಅಂದೆ.

ಎಷ್ಟು ಸಾವಿರ ಸಲ ಅಂವ ಅದನ್ನ
ಕಪ್ಪ ಮರಳಿನಾಗ ಊರಿ, ಮರಳಿನಿಂದ ತೆಗದಾನೋ.
ಮತ್ತ ನೆಟ್ಟಗ ನಿಲ್ಲಿಸಿ
ಬೆರಳ ಗೆಣ್ಣಿಲೆ ಸುತ್ತಲೂ ತಟ್ಟಿದ, ಮೆತ್ತಗ,
ಗೋಡಿ ಬಿಡಿಸೂವಾಗ ತಟ್ಟತಿದ್ದಂಗ,
ಎರಡೂ ಕೈ ಹಾಕಿ, ಉಸಿರು ಹಿಡದು,
ಸೀದಾ ಮ್ಯಾಲಕ್ಕೆತ್ತಿದ.

ನನ್ನ ಕಣ್ಣು ಫರಶಿ ಮ್ಯಾಲೆ ಹೋತು,
ಅಂಚು ಮುರದೈತೇನ ಅಂತ.

'ಒಂದು ಸೂತ ಹೆಚ್ಚು ಐತಿ' ಅಂದೆ.
ಜಿನ್ನಪ್ಪ ಮಣಿ ಇಳಿಸಿ, ಮತ್ತ ಅದರ ಮ್ಯಾಲೆ ಕುಂತು
ಬಶಿಗೆ ಚಾ ಸುರವಿಕೊಂಡ.
'ಇರಲಿ ಬಿಡೋ,
ಇನ್ನೂ ಆರಬೇಕಲ್ಲ.'