ಪಾವಲಿ ಕಮ್ಮಿ ಎರಡು ಛಟಾಕು

ಪೆನ್ಷನ್ ಮೊಹಲ್ಲಾದ ಜುಬೇದಾ ಬಂದದ್ದು ತಕ್ಕಡಿ ರಿಪೇರಿಗಲ್ಲ.
ರದ್ದಿಯಲ್ಲಿ ಸಿಕ್ಕ ಅಮೆರಿಕದ ಅಡುಗೆ ಪುಸ್ತಕದ ಹಾಳೆ
ನನ್ನ ಮೇಜಿನ ಮೇಲೆ, ಸ್ಕ್ರೂಗಳ ನಡುವೆ ಹರಡಿದಳು.
"ಓದಿ ಮಾಸ್ಟ್ರೇ. ಒಂದು ಸ್ಟಿಕ್ ಬೆಣ್ಣೆ.
ಸ್ಟಿಕ್ಕಂದ್ರೆ ಕಡ್ಡಿ ತಾನೆ? ಎಷ್ಟುದ್ದದ ಕಡ್ಡಿ?"

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮೂವತ್ತೆಂಟು ವರ್ಷ
ತಕ್ಕಡಿ ಮುಳ್ಳು ನೆಟ್ಟಗೆ ನಿಲ್ಲಿಸಿದವನು ನಾನು.
ಬೆಣ್ಣೆಯನ್ನು ಉಂಡೆಯಲ್ಲಿ ಕಂಡಿದ್ದೆ, ಮುತ್ತುಗದೆಲೆಯಲ್ಲಿ ಕಂಡಿದ್ದೆ,
ಸುಣ್ಣದ ಜೊತೆ ಗಾದೆಯಲ್ಲಿ ಕಂಡಿದ್ದೆ.
ಕಡ್ಡಿಯಲ್ಲಿ ಕಂಡಿರಲಿಲ್ಲ.

ಹಾಳೆಯ ತಳದಲ್ಲಿ ಇರುವೆಯಂಥ ಅಕ್ಷರ:
ಎಂಟು ಚಮಚ, ಅರ್ಧ ಕಪ್ಪು, ನಾಲ್ಕು ಔನ್ಸು.
ಔನ್ಸು ಗೊತ್ತು. ಬೀಡಿಪೊಟ್ಟಣದ ಮೇಲೆ ಗುಣಿಸಿದೆ.
ನೂರ ಹದಿಮೂರು ಗ್ರಾಮು, ಮೇಲೊಂದು ಚೂರು.
"ನನ್ನ ಹತ್ರ ನೂರರ ಕಲ್ಲಿದೆ, ಐವತ್ತರದಿದೆ.
ಹದಿಮೂರಕ್ಕೆ ಏನಿಡಲಿ, ಬೆರಳಾ?"

ಕಾನೂನು ರದ್ದು ಮಾಡಿದ ಕಲ್ಲುಗಳನ್ನೆಲ್ಲ
ಅಪ್ಪ ಕಚೇರಿಗೆ ಒಪ್ಪಿಸಿ ಬಂದಿದ್ದ,
ಎರಡು ಹಿತ್ತಾಳೆಯ ಛಟಾಕು ಬಿಟ್ಟು.
ಯಾಕೆ ಬಿಟ್ಟನೋ, ಕೇಳಲಿಲ್ಲ.
ಎರಡನ್ನೂ ಒಂದು ತಟ್ಟೆಗಿಟ್ಟೆ.
ಇನ್ನೊಂದಕ್ಕೆ ಬೆಣ್ಣೆ,
ಬೆಣ್ಣೆಯ ಪಕ್ಕ ಅದೇ ಡಬ್ಬಿಯ ಬೆಳ್ಳಿ ಪಾವಲಿ.
ಚೂರು ಕೆರೆದೆ, ಚೂರು ಮೆತ್ತಿದೆ.
ಮುಳ್ಳು ನಿಂತಿತು.
"ಈಗ ಪಾವಲಿ ತೆಗಿ. ಉಳಿದದ್ದು ಅಮೆರಿಕದ ಒಂದು ಕಡ್ಡಿ."
ಛಟಾಕು, ಪಾವಲಿ ಎಲ್ಲ ಸೆರಗಿಗೆ ಕಟ್ಟಿಕೊಂಡು ಹೋದಳು.
ಕಾಸನ್ನು ಕೇಕಿಗೆ ಹಾಕಬೇಡವೆಂದು ಕೂಗಿ ಹೇಳಿದೆ.

ಶನಿವಾರ ಮತ್ತೆ ಬಂದಳು. ಕೈಯಲ್ಲಿ ತಟ್ಟೆ.
ಕೇಕಿನ ನಡು ಕುಸಿದು, ಎಮ್ಮೆ ಮಲಗೆದ್ದ ಜಾಗದ ಹಾಗೆ.
"ನಿಮ್ಮ ಲೆಕ್ಕ ತಪ್ಪು."
ಕಡ್ಡಿ ಮುರಿದ ಹಾಗೆ ಹೇಳಿದಳು.
ನನಗೆ ಉರಿಯಿತು. ತಕ್ಕಡಿ ಎತ್ತಿಕೊಂಡೇ ಹೊರಟೆ
ಬೆಣ್ಣೆಯ ಸಣ್ಣಲಿಂಗಮ್ಮನ ಹತ್ತಿರ.

ದುದ್ದದಿಂದ ಮೊದಲ ಬಸ್ಸಿಗೆ ಬರುವವಳು ಅವಳು.
ಗಡಿಗೆಯ ನೀರಲ್ಲಿ ಉಂಡೆಗಳು ತೇಲುತ್ತಿದ್ದವು.
ನಮ್ಮಿಬ್ಬರ ಜಗಳ ಪೂರ್ತಿ ಕೇಳಿಸಿಕೊಂಡು
ಒಂದುಂಡೆ ಎತ್ತಿ ಅಂಗೈಯಲ್ಲಿ ಹಿಸುಕಿದಳು.
ತೊಟ್ಟು. ಇನ್ನೊಂದು ತೊಟ್ಟು. ಆಮೇಲೆ ಸಣ್ಣ ಧಾರೆ.
"ನೀರು ಕುಡ್ದದೆ ಕಣವ್ವ. ಅದುಕ್ಕೇಯ ನಾನು
ತೂಕದ ಮ್ಯಾಲೆ ಕೊಸರು ಹಾಕಾದು.
ಆ ಕೊಸರು ಏನ್ಮಾಡ್ದೆ?"

ಜುಬೇದಾ ನನ್ನ ಮುಖ ನೋಡಿದಳು.
ಕೊಸರನ್ನು ಕೆರೆದು ತೆಗೆದದ್ದು ನಾನು,
ಮುಳ್ಳು ನಿಲ್ಲಲಿ ಎಂದು.
ಅಂದು ಮಧ್ಯಾಹ್ನ ರೊಟ್ಟಿಗೆ ಸವರಿ ತಿಂದದ್ದೂ ನಾನೇ.

ಈಗ ಅವಳ ಕೇಕು ಉಬ್ಬುತ್ತದೆಯಂತೆ.
ಹಿಸುಕಿ ತೂಗುತ್ತಾಳೋ, ಕೊಸರು ಸೇರಿಸುತ್ತಾಳೋ,
ಹೇಳಲಿಲ್ಲ, ನಾನೂ ಕೇಳುವ ಹಾಗಿರಲಿಲ್ಲ.
ಛಟಾಕುಗಳು ವಾಪಸು ಬಂದವು, ಒರೆಸಿ, ಥಳಥಳ.
ಪಾವಲಿ ಮಾತ್ರ ಜಿಡ್ಡು ಜಿಡ್ಡಾಗಿ ಬಂತು.
ಮೊನ್ನೆ ಮುದ್ರೆ ಒತ್ತಲು ಬಂದ ಇಲಾಖೆಯವರು
ಮೇಜಿನ ಮೇಲೆ ಅದನ್ನು ಕಂಡು ಮೂಸಿದರು:
"ಇದೇನ್ರೀ, ಯಾವ ತೂಕ?"
ಜೇಬಿಗೆ ಹಾಕಿಕೊಂಡು ಹೇಳಿದೆ,
"ತೂಕಕ್ಕಲ್ಲ ಸಾರ್. ಕಳೆಯೋದಕ್ಕೆ."