ಉಂಡ ಎಂದು ಹೇಳಿದೆ

ಸಿಸ್ಟರ್ ಹೆರಿಗೆ ವಾರ್ಡಿನಲ್ಲಿದ್ದಳು.
ಹಾಗಾಗಿ ರಿಜಿಸ್ಟರು, ದಾರ ಕಟ್ಟಿದ ಪೆನ್ನು
ಆಯಾ ಚೋಂದಮ್ಮನ ಕೈಗೆ, ಅಂದರೆ ನನ್ನ ಕೈಗೆ ಬಂತು.
ಹೆಸರು: ಬಾಬುಲ್. ಅದನ್ನೂ ಅವನು ಹೇಳಿದ್ದಲ್ಲ,
ಜೊತೆಗೆ ಬಂದ ಹುಡುಗ ಹೇಳಿ ಓಡಿದ.
ತಂದೆಯ ಹೆಸರು ಖಾಲಿ. ಊರು ಖಾಲಿ.
ವಯಸ್ಸು, ಮೀಸೆ ನೋಡಿ, ಇಪ್ಪತ್ತೆರಡು.

ಧರ್ಮ ಎಂಬಲ್ಲಿ ಪೆನ್ನು ನಿಂತಿತು.
ಜೀಪಿನ ಬೀರಾನನನ್ನು ಕೇಳಿದೆ, ಬಾಬುಲ್ ಅಂದರೆ ಯಾವ ಕಡೆ?
"ನಮ್ಮಲ್ಲೂ ಇರಬಹುದು, ನಿಮ್ಮಲ್ಲೂ ಇರಬಹುದು.
ಅಮ್ಮತ್ತಿಯಿಂದ ಇಲ್ಲಿಗೆ ಡೀಸೆಲ್ ಕಾಸು
ಯಾರು ಕೊಡ್ತಾರೆ ಚೋಂದಕ್ಕ, ಅದು ಹೇಳಿ."
ಮೇಸ್ತ್ರಿಯ ಫೋನು ಸಂಜೆಯಿಂದ ಸತ್ತಿತ್ತು.

ಏಣಿಯಿಂದ ಬಿದ್ದವನು
ಎಂದು ಬರೆದೆ, ಧರ್ಮದ ಕಾಲಮಿನಲ್ಲೇ.

ಸಿಲ್ವರ್ ಮರ, ಒಂಟಿ ಬಿದಿರಿನ ಏಣಿ,
ಸೊಂಟದ ಚೀಲದಲ್ಲಿ ಇನ್ನೂ ಹಸಿ ಮೆಣಸಿನ ಗೊಂಚಲು.
ಅಂಗಿ ಬಿಚ್ಚುವಾಗ ಕಾಳು ಉದುರಿ
ಮಂಚದ ಕೆಳಗೆಲ್ಲ ಉರುಳಿದವು.
ಗುಡಿಸಿ ಒಂದು ಲೋಟದಲ್ಲಿ ಹಾಕಿಟ್ಟೆ.
ಯಾರ ಸೊತ್ತೋ, ಲೆಕ್ಕ ಕೇಳಿದರೆ ಇರಲಿ.

ಹನ್ನೊಂದೂವರೆಗೆ ಅವನ ದಿಂಬಿನಡಿ ಫೋನು ನಡುಗಿತು.
ಅಕ್ಷರ ಓದಲು ಬರಲಿಲ್ಲ, ಎರಡೇ ಗೀಟಿನಷ್ಟು ಚಿಕ್ಕ ಹೆಸರು.
ಎತ್ತಿದೆ. ಹೆಂಗಸಿನ ದನಿ, ಹಿಂದೆ ಎಲ್ಲೋ ಹಸುವಿನ ಕೂಗು.
ಒಂದು ಪ್ರಶ್ನೆ, ಮತ್ತೆ ಅದೇ ಪ್ರಶ್ನೆ,
ಕೊನೆಯಲ್ಲಿ ಎಳೆದು, ಎಳೆದು.
ಭಾಷೆ ತಿಳಿಯದು, ಆ ಎಳೆತ ತಿಳಿಯಿತು.
"ಊಟ ಆಯ್ತಾ ಅಂತಿದ್ದಾಳೆ," ಎಂದ ಬೀರಾನ, ಗೋಡೆ ನೋಡುತ್ತ.

ಬಾಯಿಗೆ ಬಂದದ್ದು ಆಗ, ನನ್ನ ಹರಕು ಹಿಂದಿಯಲ್ಲಿ,
ಖಾಯಾ. ಖಾಯಾ, ಅಮ್ಮಾ.
ಆ ಕಡೆ ಉಸಿರು ಸಡಿಲಾಯಿತು. ಫೋನು ಇಟ್ಟಳು.

ನಲವತ್ತೇಳು ವರ್ಷದಲ್ಲಿ ಎಷ್ಟೋ ಸುಳ್ಳು ಹೇಳಿದ್ದೇನೆ,
ಯಾವುದೂ ಇಷ್ಟು ಭಾರ ಇರಲಿಲ್ಲ.
ಇಗ್ಗುತ್ತಪ್ಪಾ, ಮಳೆಗೂ ಬೆಳೆಗೂ ನೀನು.
ಹೇಳಿಬಿಟ್ಟ ಮಾತಿಗೆ ಯಾರು?
ಡಾಕ್ಟರನ್ನು ಎಬ್ಬಿಸಿ ಕೇಳಿದೆ. ಪ್ರಜ್ಞೆ ಬಂದು
ನುಂಗಿದರೆ ಗಂಜಿ ಕೊಡಿ, ಎಂದರು, ಅವಸರ ಬೇಡ.

ಅವಸರ ಇತ್ತು. ಬೆಳಗಾಗುವುದರೊಳಗೆ
ಆ ಸುಳ್ಳು ನಿಜವಾಗಬೇಕಿತ್ತು.

ಎರಡಕ್ಕೆ ಕಣ್ಣು ಬಿಟ್ಟ. ಮೂರಕ್ಕೆ ನರಳಿದ.
ಮೊದಲ ಚಮಚ ಗದ್ದದಿಂದ ಇಳಿಯಿತು, ಎರಡನೆಯದೂ.
ಹೋಗುತ್ತೇನೆ ಹೋಗುತ್ತೇನೆ ಎಂದು
ನಾಲ್ಕು ಸಲ ಕೀಲಿ ಕುಣಿಸಿದ್ದ ಬೀರಾನ
ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.
ಬಿಸ್ಮಿಲ್ಲಾ ಎಂದ, ಅಭ್ಯಾಸಬಲ.
ನಾನು ಏನೂ ಅನ್ನಲಿಲ್ಲ. ಚಮಚದ ಮೇಲೆ ಕಣ್ಣಿತ್ತು.
ಗಂಟಲು ಒಮ್ಮೆ ಏರಿ ಇಳಿಯಿತು.
ಇನ್ನೊಮ್ಮೆ.
ಐದೂಕಾಲಕ್ಕೆ ಬಟ್ಟಲಿನ ತಳ ಕಂಡಿತು.
ಬೀರಾನ ನಮಾಜಿಗೆ ಹೋದ, ಬೈದುಕೊಂಡೇ,
ಡೀಸೆಲ್ ವಿಷಯ ಬಾಗಿಲಲ್ಲಿ ಮತ್ತೊಮ್ಮೆ ಎತ್ತಿ.

ಏಳಕ್ಕೆ ಬಾಬುಲನನ್ನು ಮೈಸೂರಿಗೆ ಒಯ್ದರು.
ಆಮೇಲಿನದು ನನಗೆ ಗೊತ್ತಿಲ್ಲ.
ಮೆಣಸಿನ ಲೋಟ ಕಿಟಕಿಯಲ್ಲೇ ಉಳಿಯಿತು.

ಅಂದು ನಮ್ಮ ಮನೆಯಲ್ಲಿ ಕಾರಣರಿಗೆ ಕೊಡುವ ದಿನ.
ವಿರಾಜಪೇಟೆ ಬಸ್ಸು ತಡ, ನಾನು ಇನ್ನೂ ತಡ.
ನೆಲ್ಲಕ್ಕಿಯಲ್ಲಿ ದೀಪ ಹಚ್ಚಿ ಆಗಿತ್ತು, ಎಲೆ ಹಾಕಿ ಆಗಿತ್ತು,
ಕೋಳಿ, ಅಕ್ಕಿರೊಟ್ಟಿ, ಪುಟ್ಟ ಗ್ಲಾಸಿನಲ್ಲಿ ಅಜ್ಜನ ಬ್ರಾಂದಿ.
ಬಡಿಸುವ ಕೈ ಹಿರಿಸೊಸೆಯದೇ ಆಗಬೇಕು.

ಸೆರಗಿನಲ್ಲಿ ಒಣಗಿದ ಗಂಜಿ, ಉಗುರಲ್ಲಿ ರಕ್ತದ ಕಂದು.
ಅತ್ತೆ ಹೊಸ್ತಿಲಲ್ಲೇ ತಡೆದರು.
"ಆಸ್ಪತ್ರೆಯಿಂದ ಬಂದವಳು, ಮಿಂದೆಯಾ?"

ಎಲೆಯ ಅನ್ನದಿಂದ ಹಬೆ ಏಳುತ್ತಿತ್ತು.
ಸತ್ತವರಿಗೂ ತಣ್ಣಗೆ ಬಡಿಸಬಾರದು ಎಂದು
ಕಲಿಸಿದವರು ಅವರೇ.

ಮಿಂದೆ, ಎಂದೆ.

ಈ ಸುಳ್ಳನ್ನು ಹಾಗೇ ಬಿಟ್ಟಿದ್ದೇನೆ.